ಚಾಳೀಸಿನ ಚರಿತ್ರೆ

ಸೂಜಿಗೆ ದಾರ ಪೋಣಿಸುವ ಕೆಲಸ ನಮ್ಮ ಮನೆಗಳಲ್ಲಿ ಯಾವಾಗಲೂ ಮಕ್ಕಳ ಪಾಲಿನದು. ಹೊಲಿಗೆ ಅಜ್ಜಿಯದು, ದಾರ ಪೋಣಿಸಿ ಕೊಡುವುದು ಮೊಮ್ಮಗಳದು. ಅಜ್ಜಿಯ ಬೆರಳಿನಲ್ಲಿ ನಡುಕವಿಲ್ಲ, ಕಸುಬು ಮರೆತಿಲ್ಲ. ಆದರೆ ಸೂಜಿಯ ಕಣ್ಣು ಅವಳ ಕಣ್ಣಿಗೆ ಕಾಣದು. ಅದೇ ರೀತಿ ಒಂದು ಬೆಳಿಗ್ಗೆ ಮನೆಯ ಯಜಮಾನ ಪತ್ರಿಕೆಯನ್ನು ಮೊದಲಿಗಿಂತ ನಾಲ್ಕು ಬೆರಳು ದೂರ ಹಿಡಿಯುತ್ತಾನೆ. ಮರುವರ್ಷ ತೋಳು ಪೂರ್ತಿ ಚಾಚಬೇಕಾಗುತ್ತದೆ. ಕಡೆಗೆ ತೋಳೇ ಸಾಲದಾಗುತ್ತದೆ! ಆಗ ಮನೆಯವರು ನಗುತ್ತಾ, 'ಚಾಳೀಸು ಬಂತು' ಎನ್ನುತ್ತಾರೆ.

ಚಾಳೀಸು ಎಂದರೆ ನಲವತ್ತು. ಹಿಂದಿ, ಮರಾಠಿಗಳ ಕಡೆಯಿಂದ ಬಂದ ಈ ಎಣಿಕೆಯ ಮಾತು ಕನ್ನಡದಲ್ಲಿ ಎಣಿಕೆಗೆ ಬಳಕೆಯಾಗಲಿಲ್ಲ. ನಲವತ್ತರ ಸುಮಾರಿಗೆ ಬರುವ ದೃಷ್ಟಿದೋಷಕ್ಕೂ ಅದಕ್ಕೆ ಹಾಕುವ ಕನ್ನಡಕಕ್ಕೂ ಹೆಸರಾಗಿ ನಿಂತಿತು. ಒಂದು ವಯಸ್ಸು, ಒಂದು ಕೊರತೆ, ಒಂದು ಪರಿಹಾರ ಮೂರನ್ನೂ ಒಂದೇ ಶಬ್ದ ಹೇಳುತ್ತದೆ. ಮನುಷ್ಯನ ಮುಪ್ಪಿನ ಬಾಳು ಎಷ್ಟರಮಟ್ಟಿಗೆ ವಿಧಿಯ ಕೈಯಲ್ಲಿದೆ, ಎಷ್ಟರಮಟ್ಟಿಗೆ ಮನುಷ್ಯರ ಕೈಯಲ್ಲಿದೆ ಎಂಬುದನ್ನು ತಿಳಿಯಬೇಕಾದರೆ ಈ ಚಾಳೀಸಿನ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನಲವತ್ತರಲ್ಲಿ ಆಗುವುದೇನು?

ಕಣ್ಣಿನ ಪಾಪೆಯ ಹಿಂದೆ ಒಂದು ಸಣ್ಣ ಮಸೂರವಿದೆ. ದೂರದ ಬೆಟ್ಟ ನೋಡುವಾಗ ಅದು ಚಪ್ಪಟೆಯಾಗುತ್ತದೆ. ಹತ್ತಿರದ ಅಕ್ಷರ ನೋಡುವಾಗ ಉಬ್ಬುತ್ತದೆ. ಈ ಉಬ್ಬುವ ಶಕ್ತಿ ಹುಟ್ಟಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತ ಬರುತ್ತದೆ. ಹತ್ತು ವರ್ಷದ ಹುಡುಗ ಏಳು ಸೆಂಟಿಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ನೋಡಬಲ್ಲ. ಇಪ್ಪತ್ತರ ವಯಸ್ಸಿಗೆ ಆ ದೂರ ಹತ್ತು ಸೆಂಟಿಮೀಟರ್ ಆಗುತ್ತದೆ. ನಲವತ್ತಕ್ಕೆ ಇಪ್ಪತ್ತು ದಾಟುತ್ತದೆ. ಅರವತ್ತಕ್ಕೆ ಸುಮಾರು ಒಂದು ಮೀಟರ್. ಈ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯವಸ್ಥಿತವಾಗಿ ಅಳೆದವನು ಡಚ್ ವೈದ್ಯ ಡಾಂಡರ್ಸ್. ಅವನ ಗ್ರಂಥ ಪ್ರಕಟವಾದದ್ದು 1864ರಲ್ಲಿ.

ಅಂದರೆ ಚಾಳೀಸು ರೋಗವಲ್ಲ. ರಾಜನಿಗೂ ಬರುತ್ತದೆ, ಆಳಿಗೂ ಬರುತ್ತದೆ. ಆದರೆ ಅದರಿಂದಾಗುವ ನಷ್ಟ ಎಲ್ಲರಿಗೂ ಒಂದೇ ಅಲ್ಲ. ಉಳುವವನಿಗೆ ದೂರದ ದೃಷ್ಟಿ ಇದ್ದರೆ ಬಹುಪಾಲು ಕೆಲಸ ಸಾಗುತ್ತದೆ. ನೇಕಾರ, ಅಕ್ಕಸಾಲಿಗ, ದರ್ಜಿ, ಲಿಪಿಕಾರ ಇವರ ಗತಿಯೇನು? ಕಸುಬಿನಲ್ಲಿ ಕೈ ಪಳಗಿ ಹೆಸರು ಬರುವ ಹೊತ್ತಿಗೆ ಸರಿಯಾಗಿ ಕಣ್ಣು ಕೈಕೊಡುತ್ತದೆ. ಮನೆಯೊಳಗೂ ಅಷ್ಟೇ. ಅಕ್ಕಿಯಲ್ಲಿ ಕಲ್ಲು ಆರಿಸಲಾರದ, ಬೇಳೆಯಲ್ಲಿ ಹುಳು ಕಾಣದ ಹಿರಿಯ ಹೆಂಗಸಿನ ಕೈಯಿಂದ ಮೊರ ಸದ್ದಿಲ್ಲದೆ ಸೊಸೆಯ ಕೈಗೆ ಹೋಗುತ್ತದೆ. ಮೊರದ ಜೊತೆಗೆ ಅಡುಗೆಮನೆಯ ಅಧಿಕಾರವೂ ಸ್ವಲ್ಪ ಹೋಗುತ್ತದೆ.

ಇಟಲಿಯ ಒಂದು ಪ್ರವಚನ

ಈ ಕೊರತೆಗೆ ಪರಿಹಾರ ಹುಟ್ಟಿದ್ದು ಇಟಲಿಯಲ್ಲಿ. 1306ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಪ್ರವಚನ ಮಾಡುತ್ತಿದ್ದ ಜೋರ್ಡಾನೊ ಎಂಬ ಪೀಸಾದ ಪಾದ್ರಿ, ಚೆನ್ನಾಗಿ ಕಾಣುವಂತೆ ಮಾಡುವ ಕನ್ನಡಕದ ವಿದ್ಯೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲವೆಂದೂ ಅದನ್ನು ಮೊದಲು ಮಾಡಿದವನನ್ನು ತಾನೇ ಕಂಡು ಮಾತನಾಡಿದ್ದೇನೆಂದೂ ಸಭಿಕರಿಗೆ ಹೇಳಿದ. ಅವನು ಆ ಮನುಷ್ಯನ ಹೆಸರನ್ನು ಮಾತ್ರ ಹೇಳಲಿಲ್ಲ. ಆದ್ದರಿಂದ ಕೋಟ್ಯಂತರ ಜನರ ಬಾಳು ಬೆಳಗಿದ ಈ ಉಪಕರಣಕ್ಕೆ ಇಂದಿಗೂ ಕರ್ತೃವಿಲ್ಲ! ವಿದ್ಯೆಯನ್ನು ಗುಟ್ಟು ಮಾಡದೆ ಎಲ್ಲರಿಗೂ ಕಲಿಸಿಕೊಟ್ಟವನು ಅಲೆಸ್ಸಾಂಡ್ರೊ ದೆಲ್ಲಾ ಸ್ಪೀನಾ ಎಂಬ ಇನ್ನೊಬ್ಬ ಸನ್ಯಾಸಿ ಎಂಬ ದಾಖಲೆಯಿದೆ.

ಗಾಜಿನ ಕೆಲಸಕ್ಕೆ ಹೆಸರಾದ ವೆನಿಸ್ಸಿನಲ್ಲಿ 1300ರ ಹೊತ್ತಿಗಾಗಲೇ ಕುಶಲಕರ್ಮಿಗಳ ಸಂಘವು ಬರಿಯ ಗಾಜನ್ನು ಸ್ಫಟಿಕವೆಂದು ಹೇಳಿ ಮಾರಬಾರದೆಂದು ಕಟ್ಟಳೆ ಮಾಡಿತ್ತು. ಆ ಕಟ್ಟಳೆಯ ಪಟ್ಟಿಯಲ್ಲಿ ಕಣ್ಣಿಗೆ ಹಾಕುವ ಬಿಲ್ಲೆಗಳೂ ಇವೆ. ಕಲಬೆರಕೆಯನ್ನು ತಡೆಯಬೇಕಾಯಿತು ಎಂದರೆ ಗಿರಾಕಿಗಳು ಸಾಕಷ್ಟಿದ್ದರು ಎಂದೇ ಅರ್ಥವಲ್ಲವೆ?

ಮೊದಲ ಕನ್ನಡಕಗಳೆಲ್ಲ ಉಬ್ಬು ಮಸೂರದವು. ಎಂದರೆ ವಯಸ್ಸಾದವರಿಗೆ ಹತ್ತಿರದ್ದನ್ನು ಕಾಣಿಸುವಂಥವು. ದೂರದ್ದು ಕಾಣದ ಎಳೆಯರ ತಗ್ಗು ಮಸೂರ ಬಂದದ್ದು ಹದಿನೈದನೆಯ ಶತಮಾನದಲ್ಲಿ. ಆರ್ಥಿಕ ಇತಿಹಾಸಕಾರ ಡೇವಿಡ್ ಲ್ಯಾಂಡಿಸ್ 1998ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಯೂರೋಪಿನ ಏಳಿಗೆಯ ಕಾರಣಗಳನ್ನು ಹುಡುಕುತ್ತ ಕನ್ನಡಕಕ್ಕೂ ಒಂದು ಪಾಲು ಕೊಡುತ್ತಾನೆ. ಸೂಕ್ಷ್ಮ ಕಸುಬಿನವರ ದುಡಿಮೆಯ ಆಯುಸ್ಸನ್ನು ಕನ್ನಡಕ ಇಮ್ಮಡಿ ಮಾಡಿತು, ಅದೂ ಅವರ ಅನುಭವ ಪಕ್ವವಾಗಿದ್ದ ಕಾಲದಲ್ಲಿ, ಎನ್ನುವುದು ಅವನ ವಾದ. ನಲವತ್ತಕ್ಕೆ ಮೂಲೆ ಸೇರಬೇಕಾಗಿದ್ದ ಗಡಿಯಾರದ ಕೆಲಸಗಾರ ಅರವತ್ತರವರೆಗೆ ದುಡಿದ, ಶಿಷ್ಯರನ್ನು ತಯಾರು ಮಾಡಿದ.

ಆ ಕಾಲದ ಕನ್ನಡಕಕ್ಕೆ ಕಿವಿಗೆ ಸಿಕ್ಕಿಸುವ ಕಡ್ಡಿಗಳಿರಲಿಲ್ಲ. ಮೂಗಿನ ಮೇಲೆ ಚಿಮುಟದಂತೆ ಕೂರಿಸಬೇಕಿತ್ತು, ಇಲ್ಲವೆ ಕೈಯಲ್ಲಿ ಹಿಡಿಯಬೇಕಿತ್ತು. ಕಡ್ಡಿ ಬಂದದ್ದು ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ. ಎಷ್ಟು ಸರಳವಾದ ಉಪಾಯ! ಆದರೂ ಅದು ಹೊಳೆಯಲು ನಾನ್ನೂರಕ್ಕೂ ಹೆಚ್ಚು ವರ್ಷ ಬೇಕಾದವು. ಓದಲು ಒಂದು, ದೂರ ನೋಡಲು ಒಂದು ಎಂದು ಎರಡು ಕನ್ನಡಕ ಬದಲಾಯಿಸಿ ಬೇಸತ್ತ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಎರಡನ್ನೂ ಅರ್ಧಕ್ಕೆ ಕತ್ತರಿಸಿ ಒಂದೇ ಚೌಕಟ್ಟಿನಲ್ಲಿ ಜೋಡಿಸಿಕೊಂಡಿದ್ದ. 1784-85ರ ಅವನ ಪತ್ರಗಳಲ್ಲಿ ಇದರ ವಿವರವಿದೆ. ಆಗ ಅವನಿಗೆ ಎಂಬತ್ತು ಹತ್ತಿರವಾಗಿತ್ತು.

ಹಂಪೆಯ ಉಪಲೋಚನ

ನಮ್ಮ ನಾಡಿಗೆ ಕನ್ನಡಕ ಬಂದದ್ದು ಯಾವಾಗ? ಈ ಪ್ರಶ್ನೆಯ ಬೆನ್ನುಹತ್ತಿದವರು ಪುಣೆಯ ಭಂಡಾರಕರ್ ಪ್ರಾಚ್ಯವಿದ್ಯಾ ಸಂಸ್ಥೆಯ ವಿದ್ವಾಂಸ ಪಿ.ಕೆ. ಗೋಡೆ. ಅವರಿಗೆ ಸಿಕ್ಕಿದ ಹಳೆಯ ಸುಳಿವು ಕರ್ನಾಟಕದ್ದೇ ಎಂಬುದು ನಮಗೆ ಹೆಮ್ಮೆಯ ಸಂಗತಿ. ವಿಜಯನಗರದ ರಾಜಗುರುಗಳೆನಿಸಿದ, ಪುರಂದರದಾಸ ಕನಕದಾಸರ ಗುರುಗಳಾದ ವ್ಯಾಸರಾಯರ ಜೀವನವನ್ನು ಸೋಮನಾಥ ಕವಿ 'ವ್ಯಾಸಯೋಗಿಚರಿತ' ಎಂಬ ಸಂಸ್ಕೃತ ಚಂಪೂಕಾವ್ಯದಲ್ಲಿ ಬಣ್ಣಿಸಿದ್ದಾನೆ. ಅದರಲ್ಲಿ ವ್ಯಾಸರಾಯರು 'ಉಪಲೋಚನ ಗೋಲಕ'ದ ನೆರವಿನಿಂದ ಗ್ರಂಥ ಓದುತ್ತಿದ್ದ ಉಲ್ಲೇಖವಿದೆ. ಉಪಲೋಚನ ಎಂದರೆ ಕಣ್ಣಿಗೆ ಜೊತೆಯಾದ ಇನ್ನೊಂದು ಕಣ್ಣು. ಕಾಲ ಸುಮಾರು 1520. ಆಗ ವ್ಯಾಸರಾಯರದು ಅರವತ್ತರ ಆಸುಪಾಸಿನ ಇಲ್ಲವೆ ಅದಕ್ಕೂ ಮೇಲಿನ ವಯಸ್ಸು.

1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರಿಗೂ ವಿಜಯನಗರಕ್ಕೂ ಕುದುರೆ ವ್ಯಾಪಾರದ ನಂಟಿತ್ತು. ಕುದುರೆಗಳ ಜೊತೆಗೆ ಬಂದ ಕಾಣಿಕೆಗಳಲ್ಲಿ ಈ ಉಪಲೋಚನವೂ ಇದ್ದಿರಬಹುದೆಂಬುದು ಸಮಂಜಸವಾದ ಊಹೆ. ಕೃಷ್ಣದೇವರಾಯನ ಹಂಪೆಯಲ್ಲಿ ಅರವತ್ತರ ಯತಿಯೊಬ್ಬರು ತಾಳೆಗರಿಯ ಸಣ್ಣಕ್ಷರಗಳನ್ನು ಗಾಜಿನ ಬಿಲ್ಲೆಗಳ ಮೂಲಕ ಓದುತ್ತಿರುವ ಚಿತ್ರವನ್ನು ಒಮ್ಮೆ ಕಲ್ಪಿಸಿಕೊಳ್ಳಿ! ಅದೇ ಶತಮಾನದ ಉತ್ತರಾರ್ಧದಲ್ಲಿ ಮೊಗಲರ ಆಸ್ಥಾನದ ಚಿತ್ರಕಾರ ಮೀರ್ ಸಯ್ಯದ್ ಅಲಿ, ತಾನೂ ಚಿತ್ರಕಾರನಾಗಿದ್ದ ವೃದ್ಧ ತಂದೆ ಮೀರ್ ಮುಸವ್ವಿರ್‌ನನ್ನು ಕನ್ನಡಕ ಸಮೇತ ಚಿತ್ರಿಸಿದ್ದಾನೆ. ಆದರೆ ಇವೆಲ್ಲ ಮಠ, ಅರಮನೆಗಳ ಮಾತು. ಹಂಪೆಯ ಬಜಾರಿನ ಅಕ್ಕಸಾಲಿಗನಿಗಾಗಲಿ ನೇಕಾರನಿಗಾಗಲಿ ಉಪಲೋಚನ ದಕ್ಕಿದ ಸುಳಿವಿಲ್ಲ. ಅವರ ಪಾಲಿಗೆ ಅದು ಬರಲು ಇನ್ನೂ ಕೆಲವು ಶತಮಾನಗಳೇ ಕಾಯಬೇಕಾಯಿತು.

ಪೊರೆ ಎಂಬ ಪರದೆ

ಚಾಳೀಸಿನ ಮುಂದಿನ ಹಂತ ಪೊರೆ. ಉತ್ತರ ಕರ್ನಾಟಕದ ಕಡೆ ಇದನ್ನು ಮೋತಿಬಿಂದು ಎನ್ನುತ್ತಾರೆ; ಪಾಪೆಯ ನಡುವೆ ಮುತ್ತಿನಂತೆ ಬಿಳುಪು ಕಾಣುವುದರಿಂದ ಆ ಹೆಸರು. ಕಣ್ಣಿನ ಮೇಲೆ ಏನೋ ಬೆಳೆದು ಮುಚ್ಚಿತು ಎಂದು ಜನ ತಿಳಿಯುವುದುಂಟು. ವಾಸ್ತವದಲ್ಲಿ ಹೊರಗಿನಿಂದ ಏನೂ ಬಂದಿರುವುದಿಲ್ಲ. ಒಳಗಿನ ಮಸೂರವೇ ಮಂಜಾಗಿರುತ್ತದೆ. ಚರ್ಮದಂತೆ ಮಸೂರ ಹಳೆಯದನ್ನು ಕಳಚಿ ಹಾಕುವುದಿಲ್ಲ. ಹುಟ್ಟಿದಂದಿನ ಪದರಗಳೇ ನಡುವೆ ಉಳಿದು, ಹೊಸವು ಸುತ್ತ ಸೇರುತ್ತ ಹೋಗುತ್ತವೆ. ಮರದ ತಿರುಳಿನ ಹಾಗೆ. ದಶಕಗಳ ಬೆಳಕು, ಬಿಸಿಲು, ವಯಸ್ಸು ಸೇರಿ ಅದರೊಳಗಿನ ಪ್ರೋಟೀನುಗಳನ್ನು ಕೆಡಿಸುತ್ತವೆ. ಸಕ್ಕರೆ ಕಾಯಿಲೆ, ತಂಬಾಕಿನ ಚಟ ಇದ್ದರೆ ಇದು ಇನ್ನೂ ಬೇಗ.

ಇದರಲ್ಲೊಂದು ಮೋಸವಿದೆ. ಪೊರೆ ಶುರುವಾಗುವಾಗ ಕೆಲವರಿಗೆ ಮಸೂರದ ತಿರುಳು ಗಟ್ಟಿಯಾಗಿ, ಹತ್ತಿರದ ದೃಷ್ಟಿ ತಾನಾಗಿ ಮರಳುತ್ತದೆ. 'ನಮ್ಮ ಅಜ್ಜನಿಗೆ ಎಪ್ಪತ್ತಾದರೂ ಚಾಳೀಸು ಬೇಡ' ಎಂದು ಮನೆಯವರು ಹೆಮ್ಮೆಪಡುತ್ತಾರೆ. ಅದು ಬಹಳ ಸಲ ಆರೋಗ್ಯದ ಗುರುತಲ್ಲ, ಪೊರೆಯ ಮುನ್ಸೂಚನೆ.

ಪೊರೆ ಬಣ್ಣಗಳನ್ನೂ ಕದಿಯುತ್ತದೆ. ಫ್ರಾನ್ಸಿನ ಮಹಾ ಚಿತ್ರಕಾರ ಕ್ಲಾಡ್ ಮೊನೆಗೆ ಪೊರೆ ಇರುವುದು 1912ರಲ್ಲಿ ಗೊತ್ತಾಯಿತು. ಶಸ್ತ್ರಚಿಕಿತ್ಸೆಗೆ ಹೆದರಿ ಅವನು ಹತ್ತು ವರ್ಷ ಮುಂದೂಡಿದ. ನೀಲಿ ಕೊಳ, ತಾವರೆಗಳನ್ನು ಬರೆದು ಲೋಕವನ್ನು ಬೆರಗುಗೊಳಿಸಿದ್ದವನ ಚಿತ್ರಗಳು ಆ ವರ್ಷಗಳಲ್ಲಿ ಕೆಂಪು, ಕಂದು ಬಣ್ಣಕ್ಕೆ ತಿರುಗಿದವು. 1923ರಲ್ಲಿ, ತನ್ನ 82ನೆಯ ವಯಸ್ಸಿನಲ್ಲಿ, ಕಡೆಗೂ ಒಂದು ಕಣ್ಣಿಗೆ ಚಿಕಿತ್ಸೆ ಮಾಡಿಸಿಕೊಂಡ. ಆಮೇಲೆ ಎಲ್ಲವೂ ವಿಪರೀತ ನೀಲಿಯಾಗಿ ಕಾಣುತ್ತದೆಂದು ಗೋಳಾಡಿದ! ವರ್ಷಗಳ ಕಾಲ ಹಳದಿ ಗಾಜಿನ ಹಿಂದಿದ್ದ ಕಣ್ಣಿಗೆ ನಿಜವಾದ ನೀಲಿಯೇ ಅಸಹಜವಾಗಿತ್ತು.

ಸುಶ್ರುತನಿಂದ ಡೇವಿಯಲ್‌ವರೆಗೆ

ಪೊರೆಗೆ ಶಸ್ತ್ರಚಿಕಿತ್ಸೆ ಭಾರತಕ್ಕೆ ಹೊಸದಲ್ಲ. ಸಾವಿರದ ಐನೂರು ವರ್ಷಗಳಿಗೂ ಹಿಂದಿನ ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 'ಲಿಂಗನಾಶ' ಎಂಬ ಹೆಸರಿನಲ್ಲಿ ಇದರ ವಿವರವಿದೆ. ಜವೆಗೋಧಿಯ ಕಾಳಿನಂತೆ ತುದಿಯುಳ್ಳ ಶಲಾಕೆಯನ್ನು ಕಣ್ಣಿನ ಬದಿಯಿಂದ ಚುಚ್ಚಿ, ಮಂಜಾದುದನ್ನು ದೃಷ್ಟಿಯ ದಾರಿಯಿಂದ ಸರಿಸಬೇಕು. ಬಳಿಕ ತುಪ್ಪ ಹಾಕಿ ಬಟ್ಟೆ ಕಟ್ಟಬೇಕು. ರೋಗಿ ಕೆಮ್ಮಬಾರದು, ಸೀನಬಾರದು, ಉಗುಳಬಾರದು. ಎಂಥ ಸೂಕ್ಷ್ಮ ಅವಲೋಕನ! ಇಲ್ಲಿ ಮಸೂರವನ್ನು ಹೊರಗೆ ತೆಗೆಯುವುದಿಲ್ಲ, ಕಣ್ಣೊಳಗೇ ಕೆಳಕ್ಕೆ ತಳ್ಳುತ್ತಾರೆ. ಬೆಳಕಿನ ದಾರಿ ತೆರವಾಗಿ ಮಸುಕಾಗಿಯಾದರೂ ಮುಖಗಳು ಕಾಣುತ್ತಿದ್ದವು. ಆದರೆ ಕೀವು ತುಂಬಿಯೋ ಒತ್ತಡ ಏರಿಯೋ ಅನೇಕರ ಕಣ್ಣು ಪೂರ್ತಿ ಹೋಗುತ್ತಿತ್ತು. ಊರೂರು ತಿರುಗುವ ವೈದ್ಯರು ಈ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದವರೆಗೂ ನಡೆಸಿದರು. ಹಣ ಪಡೆದು, ಕಟ್ಟು ಬಿಚ್ಚುವ ಮೊದಲೇ ಮುಂದಿನ ಊರಿಗೆ ಹೋಗಿಬಿಡುವುದು ಅವರಲ್ಲಿ ಹಲವರ ರೂಢಿಯಾಗಿತ್ತು.

ಯೂರೋಪಿನಲ್ಲೂ ಇದೇ ಕಥೆ. ಸಂಗೀತಲೋಕದ ದಿಗ್ಗಜ ಬಾಕ್‌ಗೆ 1750ರಲ್ಲಿ ಜಾನ್ ಟೇಲರ್ ಎಂಬ ಅಲೆಮಾರಿ ಇಂಗ್ಲಿಷ್ ವೈದ್ಯ ಎರಡು ಸಲ ಹೀಗೆ ಚುಚ್ಚಿದ. ಬಾಕ್ ಪೂರ್ತಿ ಕುರುಡನಾಗಿ, ಕೆಲವೇ ತಿಂಗಳಲ್ಲಿ ತೀರಿಕೊಂಡ. ವಿಪರ್ಯಾಸವೆಂದರೆ, ಅದಕ್ಕೆ ಮೂರು ವರ್ಷ ಮೊದಲೇ, 1747ರಲ್ಲಿ, ಫ್ರಾನ್ಸಿನ ಜಾಕ್ ಡೇವಿಯಲ್ ಕಣ್ಣನ್ನು ಸೀಳಿ ಮಂಜಾದ ಮಸೂರವನ್ನು ಹೊರತೆಗೆಯುವ ಹೊಸ ದಾರಿ ಕಂಡುಕೊಂಡಿದ್ದ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣನ್ನು ಮರಗಟ್ಟಿಸುವ ಔಷಧ ಕಂಡುಹಿಡಿದ ಮೇಲೆ ಆ ದಾರಿ ಸುಗಮವಾಯಿತು.

ಕಣ್ಣು ಕೊಟ್ಟ ಅಣ್ಣ

ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಲ್ಲಿ ಚಿಕ್ಕದಾಗಿ ಆರಂಭವಾಗಿ 1913ರಲ್ಲಿ ಈಗಿನ ಭವ್ಯ ಕಟ್ಟಡ ಪಡೆಯಿತು. ಆದರೆ ಬಿಜಾಪುರದ ಹಳ್ಳಿಯ ಅಜ್ಜ ಬೆಂಗಳೂರಿಗೆ ಬರುವುದು ಹೇಗೆ? ಕಣ್ಣು ಕಾಣದವನನ್ನು ಕರೆತರಲು ಕಣ್ಣು ಕಾಣುವ ಇನ್ನೊಬ್ಬ ಕೂಲಿ ಬಿಟ್ಟು ಬರಬೇಕು. ರೋಗಿ ಆಸ್ಪತ್ರೆಗೆ ಬರಲಾರದಿದ್ದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕು ಎಂದುಕೊಂಡವರಲ್ಲಿ ಅದೇ ಅವಿಭಜಿತ ಬಿಜಾಪುರ ಜಿಲ್ಲೆಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಮುಖ್ಯರು. ಶಾಲೆ, ಛತ್ರಗಳೇ ಅವರ ಶಸ್ತ್ರಚಿಕಿತ್ಸೆಯ ಕೊಠಡಿಗಳು. ಸಾಲಾಗಿ ಮೇಜುಗಳು, ಸಹಾಯಕರು ರೋಗಿಗಳನ್ನು ಸಿದ್ಧ ಮಾಡುತ್ತ ಹೋದರೆ ಡಾಕ್ಟರು ಒಂದು ಮೇಜಿನಿಂದ ಇನ್ನೊಂದಕ್ಕೆ ಸಾಗುವರು. ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರ ಹೆಸರಿನಲ್ಲಿ ಗಿನ್ನೆಸ್ ಪುಸ್ತಕ ಸೇರಿತು. 1993ರ ಹೊತ್ತಿಗೆ ಅವರ ಶಸ್ತ್ರಚಿಕಿತ್ಸೆಗಳ ಒಟ್ಟು ಲೆಕ್ಕ ಆರು ಲಕ್ಷ ದಾಟಿತ್ತೆಂದು ಅದೇ ಪುಸ್ತಕ ಹೇಳುತ್ತದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂದವು. ಜನ ಕೊಟ್ಟ ಬಿರುದು 'ಕಣ್ಣು ಕೊಟ್ಟ ಅಣ್ಣ'. 2005ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಒಂದು ರಸ್ತೆ ಇಂದಿಗೂ ಮೋದಿ ಆಸ್ಪತ್ರೆ ರಸ್ತೆ ಎಂದೇ ಪರಿಚಿತ.

ಆ ಶಿಬಿರಗಳಿಗೊಂದು ಮಿತಿಯೂ ಇತ್ತು. ಮಸೂರ ತೆಗೆದ ಕಣ್ಣಿಗೆ ದಪ್ಪನೆಯ ಸೋಡಾಬುಡ್ಡಿ ಕನ್ನಡಕ ಬೇಕು. ಅದರಲ್ಲಿ ವಸ್ತುಗಳು ಕಾಲುಭಾಗಕ್ಕಿಂತಲೂ ಹೆಚ್ಚು ದೊಡ್ಡದಾಗಿ ಕಾಣುತ್ತವೆ, ಬದಿಯ ನೋಟ ಕೆಡುತ್ತದೆ, ಮೆಟ್ಟಿಲು ತಪ್ಪುತ್ತದೆ. ಹೊಲದಲ್ಲಿ ಬಿದ್ದು ಕನ್ನಡಕ ಒಡೆಯಿತೋ, ಅಜ್ಜ ಮತ್ತೆ ಕುರುಡ. ಹೊಸದಕ್ಕೆ ಪಟ್ಟಣಕ್ಕೆ ಹೋಗಬೇಕು. ಅನೇಕರು ಹೋಗಲೇ ಇಲ್ಲ.

ವಿಮಾನದ ಚೂರು

ಈ ಸಮಸ್ಯೆಗೆ ಉತ್ತರ ಸಿಕ್ಕಿದ್ದು ಯುದ್ಧದಿಂದ. 1940ರ ಆಗಸ್ಟಿನಲ್ಲಿ ಬ್ರಿಟನ್ನಿನ ಗಾರ್ಡನ್ ಕ್ಲೀವರ್ ಎಂಬ ವೈಮಾನಿಕನ ವಿಮಾನಕ್ಕೆ ಗುಂಡು ಬಡಿದು ಅದರ ಪ್ಲಾಸ್ಟಿಕ್ ಮುಚ್ಚಳದ ಚೂರುಗಳು ಅವನ ಕಣ್ಣು ಹೊಕ್ಕವು. ಅವನನ್ನು ನೋಡಿದ ವೈದ್ಯರಲ್ಲಿ ಹೆರಾಲ್ಡ್ ರಿಡ್ಲಿ ಒಬ್ಬ. ಹೊರಗಿನ ವಸ್ತು ಒಳಹೊಕ್ಕರೆ ಕಣ್ಣು ಕೆರಳಿ ಊದಿಕೊಳ್ಳಬೇಕು. ಈ ಚೂರುಗಳು ಮಾತ್ರ ವರ್ಷಗಟ್ಟಲೆ ತಣ್ಣಗೆ ಕೂತಿದ್ದವು. ಮುಂದೊಂದು ದಿನ, ಪೊರೆ ತೆಗೆದ ಜಾಗಕ್ಕೆ ಬೇರೆ ಮಸೂರ ಇಡುವುದಿಲ್ಲವೇಕೆ ಎಂದು ವೈದ್ಯಕೀಯ ವಿದ್ಯಾರ್ಥಿಯೊಬ್ಬ ರಿಡ್ಲಿಯನ್ನು ಕೇಳಿದ. ಹಳೆಯ ನೆನಪಿಗೆ ಹೊಸ ಪ್ರಶ್ನೆ ಕೂಡಿಕೊಂಡಿತು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ಕಣ್ಣಿಗೆ ಅದೇ ಪ್ಲಾಸ್ಟಿಕ್ಕಿನ ಮಸೂರ ಇಟ್ಟ.

ಹಿರಿಯ ವೈದ್ಯರು ಮೆಚ್ಚಲಿಲ್ಲ. ಕಣ್ಣಿನೊಳಗಿನದನ್ನು ತೆಗೆಯಬೇಕಾದವನು ಹೊರಗಿನದನ್ನು ಇಡುವುದೆ ಎಂದು ಖಂಡಿಸಿದರು. ರಿಡ್ಲಿ ದಶಕಗಳ ಕಾಲ ಅವಹೇಳನ ಸಹಿಸಿದ. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಶಬ್ದಾತೀತ ತರಂಗಗಳಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ವಿಧಾನ ತಂದ ಮೇಲೆ ಚಿತ್ರವೇ ಬದಲಾಯಿತು. 1990ರಲ್ಲಿ, ಎಂಬತ್ತು ದಾಟಿದ್ದ ರಿಡ್ಲಿಗೇ ಪೊರೆ ಬಂತು. ತಾನು ರೂಪಿಸಿದ ಚಿಕಿತ್ಸೆಯನ್ನು ತಾನೇ ಪಡೆದು, ಅದೇ ಆಸ್ಪತ್ರೆಯಲ್ಲಿ, ಮತ್ತೆ ಲೋಕ ಕಂಡ.

ಆದರೆ ಆಮದು ಮಸೂರದ ಬೆಲೆ ಬಡವನಿಗೆ ನಿಲುಕುವುದೆ? ಇದಕ್ಕೆ ಉತ್ತರ ಹುಡುಕಿದವರು ಮದುರೆಯ ಡಾ. ಜಿ. ವೆಂಕಟಸ್ವಾಮಿ. ಸಂಧಿವಾತದಿಂದ ಬೆರಳುಗಳು ತಿರುಚಿಹೋಗಿದ್ದರೂ ಶಸ್ತ್ರಚಿಕಿತ್ಸೆ ಕಲಿತ ಛಲಗಾರ. 1976ರಲ್ಲಿ, ಸರ್ಕಾರಿ ಸೇವೆಯಿಂದ 58ಕ್ಕೆ ನಿವೃತ್ತರಾದ ಮೇಲೆ, 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ತೆರೆದರು. ಕೊಡಬಲ್ಲವರು ಕೊಟ್ಟ ಹಣದಿಂದ ಕೊಡಲಾರದವರಿಗೂ ಚಿಕಿತ್ಸೆ. 1992ರಲ್ಲಿ ಆರೋಲ್ಯಾಬ್ ಎಂಬ ಅವರದೇ ಕಾರ್ಖಾನೆ ಮದುರೆಯಲ್ಲಿ ಮಸೂರ ತಯಾರಿಸತೊಡಗಿ, ಆಮದಿನ ಬೆಲೆಯ ಒಂದು ಸಣ್ಣ ಪಾಲಿಗೆ ಕೊಟ್ಟಿತು. ಸೋಡಾಬುಡ್ಡಿಯ ಕಾಲ ಕ್ರಮೇಣ ಮುಗಿಯಿತು. ಎಲ್ಲರೂ ವಿಶ್ರಾಂತಿಗೆ ಹೋಗುವ ವಯಸ್ಸಿನಲ್ಲಿ ಒಬ್ಬ ಮನುಷ್ಯ ಆರಂಭಿಸಿದ ಕೆಲಸ ಇದು ಎಂಬುದನ್ನು ಮರೆಯಬಾರದು.

'ವಯಸ್ಸಾಯಿತಲ್ಲ!'

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಈಗ ಸುಮಾರು 70. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ಹತ್ತು ಕೋಟಿ ಮೀರಿದ್ದರು. ಆಯುಸ್ಸು ಕೂಡಿತು ನಿಜ. ಕೂಡಿದ ವರ್ಷಗಳು ಹೇಗಿವೆ? 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುರುಡುತನದ ಪ್ರಮಾಣ ಶೇ. 0.36. 2006-07ರಲ್ಲಿ ಅದು ಶೇ. 1 ಇತ್ತು. ನಡುವೆ ಕುರುಡುತನದ ವ್ಯಾಖ್ಯೆ ಬದಲಾದ್ದರಿಂದ ನೇರ ಹೋಲಿಕೆ ಸಲ್ಲದಾದರೂ ಇಳಿಮುಖವಂತೂ ನಿಜ. ಆದರೆ ಐವತ್ತು ದಾಟಿದವರ ಕುರುಡುತನದಲ್ಲಿ ಶೇ. 66.2ಕ್ಕೆ ಕಾರಣ ಇಂದಿಗೂ ಪೊರೆಯೇ. ಅರ್ಧ ಗಂಟೆಯೊಳಗೆ ಮುಗಿಯುವ ಚಿಕಿತ್ಸೆಯಿರುವ ಪೊರೆ! ಹೆಂಗಸರಲ್ಲಿ ಈ ಕಷ್ಟ ಗಂಡಸರಿಗಿಂತ ಹೆಚ್ಚು. ಅಪ್ಪನ ಕಣ್ಣಿಗೆ ಸಿಗುವ ಬಸ್ ಚಾರ್ಜು ಅಮ್ಮನ ಕಣ್ಣಿಗೆ ಸಿಗುವುದು ತಡ.

ಚಾಳೀಸಿನ ಮಾತಿಗೆ ಮರಳೋಣ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕೆಲಸಗಾರರ ಮೇಲೆ ಒಂದು ಪ್ರಯೋಗ ನಡೆಯಿತು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಅಗ್ಗದ ಓದುವ ಕನ್ನಡಕ ಕೊಟ್ಟು, ದಿನಕ್ಕೆ ಕಿತ್ತ ಎಲೆಯ ತೂಕ ನೋಡಿದರು. ಕನ್ನಡಕ ಪಡೆದವರ ಕೀಳುವಿಕೆ ಇತರರಿಗಿಂತ ಶೇ. 21ಕ್ಕೂ ಮಿಕ್ಕಿ ಹೆಚ್ಚಿತು. ಐವತ್ತು ದಾಟಿದವರಲ್ಲಂತೂ ಶೇ. 31ರಷ್ಟು! ಓದುಬರಹವಿಲ್ಲದವರಿಗೆ ಓದುವ ಕನ್ನಡಕವೇಕೆ ಎನ್ನುವವರಿಗೆ ಎರಡೆಲೆ ಒಂದು ಕುಡಿ ಆರಿಸುವ ಆ ಬೆರಳುಗಳು ಉತ್ತರ ಕೊಟ್ಟವು. ವ್ಯಾಸರಾಯರಿಗೆ 1520ರ ವೇಳೆಗೆ ಸಿಕ್ಕಿದ್ದು ಐನೂರು ವರ್ಷಗಳ ಬಳಿಕವೂ ಆ ಹೆಂಗಸರಲ್ಲಿ ಅನೇಕರಿಗೆ ಸಿಕ್ಕಿರಲಿಲ್ಲ.

ಬೆಲೆ, ದೂರ, ವೈದ್ಯರ ಕೊರತೆ ಇವೆಲ್ಲ ಇದಕ್ಕೆ ಕಾರಣಗಳೇ. ಅವುಗಳ ಜೊತೆಗೆ ನಾವು ದಿನನಿತ್ಯ ಆಡುವ ಒಂದು ಮಾತೂ ಕಾರಣ. ಅಜ್ಜಿ ಕಣ್ಣು ಕಾಣುವುದಿಲ್ಲ ಎಂದಾಗ, ತಾತ ಮುಖ ಗುರುತಿಸದೆ ತಡವರಿಸಿದಾಗ, 'ವಯಸ್ಸಾಯಿತಲ್ಲ' ಎಂದು ಸಮಾಧಾನ ಹೇಳುತ್ತೇವೆ. ಕೆಲವು ದಿನಗಳಲ್ಲಿ ಆ ಮಾತನ್ನು ಅವರೇ ಹೇಳಿಕೊಳ್ಳತೊಡಗುತ್ತಾರೆ. 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಬೇರೆ ಸಿದ್ಧವಾಗಿದೆ. ಎದುರಿಗಿರುವವರು ಯಾರೆಂದು ಕಾಣದೆ ತಪ್ಪು ಹೆಸರು ಹಿಡಿದವರನ್ನು ಎಷ್ಟು ಮನೆಗಳಲ್ಲಿ ಅರಳು ಮರಳಿನವರೆಂದು ಪಕ್ಕಕ್ಕೆ ಕೂರಿಸಿಲ್ಲ!

ಎಪ್ಪತ್ತರ ಮೊಣಕಾಲು ಇಪ್ಪತ್ತರದಾಗುವುದಿಲ್ಲ, ಎಲ್ಲ ಕುರುಡಿಗೂ ಮದ್ದಿಲ್ಲ ಎಂಬುದು ನಿಜವೇ. ಯಾವುದಕ್ಕೆ ಮದ್ದಿದೆ ಎಂದು ವಿಚಾರಿಸುವುದಾದರೂ ಆಗಬೇಕು. ಪೊರೆ ತೆಗೆಸಿಕೊಂಡು ಬಂದ ಹಿರಿಯರು ಮರುದಿನ ಕಟ್ಟು ಬಿಚ್ಚಿದಾಗ ಮೊದಲು ನೋಡುವುದು ಸಾಮಾನ್ಯವಾಗಿ ಎದುರಿಗೆ ನಿಂತ ಮಕ್ಕಳ ಮುಖವನ್ನು. 'ನೀನೂ ಬೆಳ್ಳಗಾಗಿದ್ದೀಯಲ್ಲೋ' ಎಂದು ಮಗನ ತಲೆಗೂದಲು ನೋಡಿ ಹೇಳಿದ ತಾಯಂದಿರಿದ್ದಾರೆ. ಮಗನಿಗೂ ಆ ಹೊತ್ತಿಗೆ ಚಾಳೀಸು ಬಂದಿರುತ್ತದೆ.